ಕೋಳಿ ಹೋಗಿದ್ದು ಯಾವ ಹೊತ್ತಿಗೆ? ಹಿತ್ತಲ ಗೂಡಿನ ದೋಷ ಹುಡುಕುವ ಬಗೆ

ಬೆಳಿಗ್ಗೆ ಗೂಡಿನಲ್ಲಿ ಕೋಳಿ ಸತ್ತು ಬಿದ್ದಿದ್ದರೆ ನಮ್ಮ ಕಡೆ ಮೊದಲು ಬರುವ ಮಾತು 'ಮುಂಗುಸಿ ಬಂದಿತ್ತು'. ಆದರೆ ಮುಂಗುಸಿ ಹಗಲು ಓಡಾಡುವ ಪ್ರಾಣಿ. ಕತ್ತಲಾದ ಮೇಲೆ ಅದು ತನ್ನ ಬಿಲದಲ್ಲಿ ಮಲಗಿರುತ್ತದೆ. ರಾತ್ರಿ ಸತ್ತ ಕೋಳಿಯ ಲೆಕ್ಕ ಅದರ ಮೇಲೆ ಬರೆದರೆ ನಿಜವಾಗಿ ಬಂದದ್ದು ಮತ್ತೆ ಬರುತ್ತದೆ. ಹೆಸರು ತಪ್ಪಿದರೆ ದುರಸ್ತಿಯೂ ತಪ್ಪು ಜಾಗದಲ್ಲಿ ಆಗುತ್ತದೆ.

ಹಾಗಾಗಿ ಇಲ್ಲಿ ದೋಷ ಹುಡುಕುವುದು ಗಡಿಯಾರದಿಂದ. ಯಾವ ಪ್ರಾಣಿ ಎಂಬುದಕ್ಕಿಂತ ಮೊದಲು, ಯಾವ ಹೊತ್ತು ಎಂದು ಕೇಳಿಕೊಳ್ಳಿ. ಹಿಂದಿನ ಸಂಜೆ ಎಷ್ಟು ಕೋಳಿ ಒಳಗೆ ಹೋದವು? ಬಾಗಿಲು ಹಾಕಿದ್ದು ಯಾರು? ಕೊನೆಗೆ ಎಣಿಸಿದ್ದು ಯಾವಾಗ? ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ. ದಿನಾ ಸಂಜೆ ಬಾಗಿಲು ಹಾಕುವಾಗ ಒಮ್ಮೆ, ಬೆಳಿಗ್ಗೆ ಬಿಡುವಾಗ ಒಮ್ಮೆ, ಮಧ್ಯಾಹ್ನ ನೀರು ಬದಲಾಯಿಸುವಾಗ ಒಮ್ಮೆ ಎಣಿಸಿ. ಇದೊಂದೇ ರೂಢಿ ಅರ್ಧ ದೋಷವನ್ನು ತಾನೇ ತೋರಿಸುತ್ತದೆ.

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಮನೆ ಹಿತ್ತಲಿನಲ್ಲಿ ಐದರಿಂದ ಇಪ್ಪತ್ತರವರೆಗೆ ಜವಾರಿ ಕೋಳಿ ಅಥವಾ ಗಿರಿರಾಜ ತಳಿಯ ಕೋಳಿ ಸಾಕುವವರಿಗಾಗಿ ಇದನ್ನು ಬರೆದಿದ್ದೇನೆ. ದೊಡ್ಡ ಫಾರಂಗಳ ಕಥೆ ಬೇರೆ.

ರಾತ್ರಿ ಹೋದರೆ

ಸತ್ತ ಕೋಳಿಯನ್ನು ಎತ್ತುವ ಮೊದಲು ಗೂಡಿನ ಸುತ್ತ ಒಂದು ಸುತ್ತು ಹಾಕಿ. ಮಕ್ಕಳು, ನೆರೆಮನೆಯವರು ತುಳಿದಾಡಿದರೆ ಗುರುತೆಲ್ಲ ಅಳಿಸಿಹೋಗುತ್ತವೆ. ಪುಕ್ಕ ಎಲ್ಲಿ ಬಿದ್ದಿದೆ, ರಕ್ತ ಎಲ್ಲಿದೆ, ಜಾಲರಿ ಎಲ್ಲಿ ಬಾಗಿದೆ ಎಂದು ನೋಡಿ. ಆಮೇಲೆ ಬಾಗಿಲು ತೆಗೆಯಿರಿ.

ಹಲವು ಕೋಳಿ ಒಟ್ಟಿಗೆ ಸತ್ತು, ತಿಂದದ್ದು ಮಾತ್ರ ಕಡಿಮೆ ಇದ್ದರೆ ನಾಯಿಯನ್ನು ಅನುಮಾನಿಸಿ. ನಾಯಿ ಹಸಿವಿಗಿಂತ ಜಾಸ್ತಿ ಓಡಿಸುವ ಚಟಕ್ಕೆ ಕೊಲ್ಲುತ್ತದೆ. ಮೈಮೇಲೆಲ್ಲ ಹಲ್ಲಿನ ಗಾಯ ಇರುತ್ತದೆ, ಪುಕ್ಕ ಅಂಗಳದ ತುಂಬ ಹರಡಿರುತ್ತದೆ, ಜಾಲರಿ ಒಳಕ್ಕೆ ನುಗ್ಗಿರುತ್ತದೆ ಅಥವಾ ಬಾಗಿಲ ಬುಡ ಕೆರೆದಿರುತ್ತದೆ. ಒಂದೇ ಕೋಳಿ ಪೂರ್ತಿ ಮಾಯವಾಗಿ, ಪುಕ್ಕದ ಸಾಲು ಬೇಲಿ ಕಡೆ ಹೋಗಿದ್ದರೆ ಕಾಡುಬೆಕ್ಕು ಅಥವಾ ನರಿ. ನರಿ ಹೊಲದ ಅಂಚಿನ ಮನೆಗಳಿಗೆ ಬರುತ್ತದೆ. ಕಾಡುಬೆಕ್ಕಿಗೆ ಊರ ನಡುವಿನ ಮನೆಯೂ ದೂರವಲ್ಲ.

ಕೋಳಿ ಒಳಗೇ ಇದೆ, ತಲೆ ಮಾತ್ರ ಇಲ್ಲ ಅಂದರೆ ದೋಷ ಜಾಲರಿಯದು. ಕೋಳಿ ಜಾಲರಿಗೆ ಒರಗಿ ಮಲಗಿರುತ್ತದೆ. ಬೆಕ್ಕೋ ಪುನುಗುಬೆಕ್ಕೋ ಹೊರಗಿನಿಂದ ಪಂಜ ಹಾಕಿ ಎಳೆಯುತ್ತದೆ. ತಲೆ ಸಂದಿಯಲ್ಲಿ ಬರುತ್ತದೆ, ಮೈ ಬರುವುದಿಲ್ಲ. ಅಂಗಡಿಯಲ್ಲಿ ಕೋಳಿ ಜಾಲರಿ ಅಂತ ಕೊಡುವ ಆರು ಮೂಲೆಯ ತೆಳು ತಂತಿ ಕೋಳಿಯನ್ನು ಒಳಗೆ ಇಡುವುದಕ್ಕೆ ಮಾತ್ರ ಸಾಕು, ಹೊರಗಿನದನ್ನು ತಡೆಯುವುದಿಲ್ಲ. ನಾಯಿ ಅದನ್ನು ಹಲ್ಲಿನಿಂದ ಹರಿಯಬಲ್ಲದು. ರಾತ್ರಿ ಗೂಡಿಗೆ ಅರ್ಧ ಇಂಚಿನ ವೆಲ್ಡ್ ಮೆಶ್ಶೇ ಬೇಕು. ದುಡ್ಡು ಜಾಸ್ತಿ ಆಗುತ್ತದೆ, ನಿಜ. ಪೂರ್ತಿ ಗೂಡಿಗೆ ಆಗದಿದ್ದರೆ ನೆಲದಿಂದ ಎರಡು ಅಡಿ ಎತ್ತರದವರೆಗಾದರೂ ಹಾಕಿಸಿ, ಮೇಲೆ ಹಳೆಯದೇ ಇರಲಿ. ಜೊತೆಗೆ ಕೂರುವ ಕೋಲನ್ನು ಜಾಲರಿಯಿಂದ ಒಂದು ಅಡಿ ಒಳಕ್ಕೆ ಸರಿಸಿ. ಪಂಜ ಅಲ್ಲಿಗೆ ಎಟಕುವುದಿಲ್ಲ.

ಮರಿಗಳು ದಿನಕ್ಕೊಂದರಂತೆ ಕಡಿಮೆಯಾಗುತ್ತಿದ್ದರೆ, ಎಲ್ಲೂ ರಕ್ತ ಇಲ್ಲದಿದ್ದರೆ, ಹೆಗ್ಗಣ ಅಥವಾ ಹಾವು. ಹೆಗ್ಗಣವಾದರೆ ಗೋಡೆ ಬುಡದಲ್ಲಿ ಹೊಸ ಮಣ್ಣಿನ ಗುಡ್ಡೆ ಇರುತ್ತದೆ. ಕೆಲವು ಸಲ ಬಿಲ ಅಗೆದರೆ ಸತ್ತ ಮರಿ ಅಲ್ಲೇ ಸಿಗುತ್ತದೆ. ಮಲಗಿದ ದೊಡ್ಡ ಕೋಳಿಯ ಕಾಲನ್ನೂ ಹೆಗ್ಗಣ ಕಡಿಯುತ್ತದೆ. ಹಾವಾದರೆ ಸತ್ತ ಮರಿಯ ತಲೆ, ಕತ್ತು ಒದ್ದೆಯಾಗಿ ಪುಕ್ಕ ಅಂಟಿಕೊಂಡಿರುತ್ತದೆ. ನುಂಗಲು ನೋಡಿ ಆಗದೆ ಉಗುಳಿದ್ದು ಅದು. ಇಂಥ ಗುರುತು ಕಂಡ ದಿನ ಕೈಯನ್ನು ಗೂಡಿನೊಳಗೆ ಹಾಕಬೇಡಿ. ಟಾರ್ಚ್ ಹಿಡಿದು, ಉದ್ದ ಕೋಲಿನಿಂದ ನೆಲಕ್ಕೆ ಹಾಸಿದ ಹೊಟ್ಟನ್ನು ಸರಿಸಿ ನೋಡಿ. ಕಾವಿಗೆ ಕೂತ ಹ್ಯಾಟೆಯ ಕೆಳಗೆ ನಾಗರಹಾವು ಸುತ್ತಿಕೊಂಡು ಮಲಗುವುದುಂಟು.

ಗುರುತು ಸಿಗದಿದ್ದರೆ ಬೂದಿ ಹಾಕಿ. ಒಲೆ ಬೂದಿಯನ್ನು ಜರಡಿ ಹಿಡಿದು, ಗೂಡಿನ ಸುತ್ತ ಎರಡು ಅಡಿ ಅಗಲ ತೆಳುವಾಗಿ ಹರಡಿ. ಬೆಳಿಗ್ಗೆ ಬಿಸಿಲು ಏರುವ ಮೊದಲು ನೋಡಿ. ದುಂಡು ಹೆಜ್ಜೆ, ಉಗುರಿನ ಗುರುತಿಲ್ಲ ಅಂದರೆ ಬೆಕ್ಕಿನ ಜಾತಿ. ಉಗುರು ಮೂಡಿದ್ದರೆ, ಬೆರಳು ನಾಲ್ಕಿದ್ದರೆ ನಾಯಿ ಅಥವಾ ನರಿ. ಐದು ಬೆರಳು ಕಂಡರೆ ಪುನುಗುಬೆಕ್ಕು, ಹಗಲು ಮೂಡಿದ್ದಾದರೆ ಮುಂಗುಸಿ. ಹೆಜ್ಜೆಗಳ ನಡುವೆ ಬಾಲ ಎಳೆದ ಗೆರೆ ಇದ್ದರೆ ಉಡ. ಬರೀ ಅಂಕುಡೊಂಕು ಗೆರೆ ಇದ್ದರೆ ಹಾವು. ಒಂದು ಬುಟ್ಟಿ ಬೂದಿಗೆ ಖರ್ಚೇನೂ ಇಲ್ಲ ಅಲ್ವಾ? ಊಹೆಗಿಂತ ಇದನ್ನೇ ನಂಬಿ.

ನೆಲದ ದೋಷ

ನಮ್ಮ ಭಾಗದ ಗೂಡುಗಳಲ್ಲಿ ಹೆಚ್ಚು ಜನ ನೋಡದೆ ಬಿಡುವ ಜಾಗ ಇದು. ಬಾಗಿಲು, ಚಿಲಕ, ಜಾಲರಿ ಎಲ್ಲ ಗಟ್ಟಿ ಇದ್ದರೂ ಕಳ್ಳ ಕೆಳಗಿನಿಂದ ಬರುತ್ತಾನೆ.

ಬೇರೆ ಊರಿನವರು ಹೇಳುವ ಸಾಮಾನ್ಯ ಉಪಾಯ ಏನೆಂದರೆ, ಗೂಡಿನ ಸುತ್ತ ಒಂದು ಅಡಿ ಆಳ ತೋಡಿ ಜಾಲರಿ ಹೂಳುವುದು. ಕೊಪ್ಪಳ, ಕುಷ್ಟಗಿ ಕಡೆಯ ಕೆಂಪು ಮಸಾರಿ ನೆಲದಲ್ಲಿ ಇದು ಚೆನ್ನಾಗಿ ನಿಲ್ಲುತ್ತದೆ. ಆದರೆ ಎರೆ ನೆಲದಲ್ಲಿ ನಿಲ್ಲುವುದಿಲ್ಲ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಆ ಎಳೆದಾಟದಲ್ಲಿ ಹೂತ ಜಾಲರಿ ಮೇಲೇಳುತ್ತದೆ, ಕಂಬ ಓರೆಯಾಗುತ್ತದೆ, ಬಾಗಿಲ ಕೆಳಗೆ ಸಂದು ಬೀಳುತ್ತದೆ. ಆ ಬಿರುಕೇ ಹೆಗ್ಗಣಕ್ಕೂ ಹಾವಿಗೂ ದಾರಿ. ಮಾರ್ಚ್ ತಿಂಗಳವರೆಗೆ ಏನೂ ಆಗದ ಗೂಡಿನಲ್ಲಿ ಏಪ್ರಿಲ್‌ನಲ್ಲಿ ಇದ್ದಕ್ಕಿದ್ದಂತೆ ಮರಿ ಹೋಗತೊಡಗಿದರೆ ಮೊದಲು ನೆಲ ನೋಡಿ.

ಎರೆ ನೆಲದಲ್ಲಿ ಕೆಲಸಕ್ಕೆ ಬರುವುದು ಕಲ್ಲು. ಒಂದು ಅಡಿ ಎರೆ ತೆಗೆದು ಗರಸು ತುಂಬಿ, ದಮ್ಮಸು ಮಾಡಿ, ಮೇಲೆ ಪರಶಿ ಕಲ್ಲು ಹಾಸಿ. ಸಂದಿಗೆ ಸಿಮೆಂಟು ತುಂಬಿ. ಹಾಸು ಗೂಡಿನ ಗೋಡೆಯಿಂದ ಒಂದು ಅಡಿ ಹೊರಕ್ಕೂ ಬರಲಿ. ತೋಡುವ ಪ್ರಾಣಿ ಗೋಡೆ ಬುಡದಲ್ಲೇ ತೋಡುತ್ತದೆ, ಒಂದು ಅಡಿ ಹಿಂದೆ ಸರಿದು ತೋಡಬೇಕೆಂದು ಅದಕ್ಕೆ ತಿಳಿಯುವುದಿಲ್ಲ. ಶಹಾಬಾದ್ ಕಲ್ಲಿನ ಒಡೆದ ತುಂಡುಗಳು ಕಲ್ಲಿನ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಹಿತ್ತಲ ಗೂಡಿಗೆ ಅವೇ ಸಾಕು.

ಕಲ್ಲು ಆಗದಿದ್ದರೆ ಗೂಡನ್ನೇ ನೆಲದಿಂದ ಎರಡು ಅಡಿ ಎತ್ತಿ, ಕಬ್ಬಿಣದ ಕಾಲಿನ ಮೇಲೆ ನಿಲ್ಲಿಸಿ. ಕಟ್ಟಿಗೆ ಕಂಬಕ್ಕೆ ಇಲ್ಲಿ ಗೆದ್ದಲು ಹತ್ತುತ್ತದೆ. ಎತ್ತಿದ ಗೂಡಿನ ಕೆಳಗೆ ಹಳೆ ಸಾಮಾನು ತುರುಕಬೇಡಿ. ತುರುಕಿದರೆ ಎತ್ತಿದ್ದು ದಂಡ.

ಬೇಲಿಯ ಬಗ್ಗೆಯೂ ಒಂದು ಮಾತು. ಬಳ್ಳಾರಿ ಜಾಲಿ ಎಲ್ಲೆಲ್ಲೂ ಇದೆ, ಮುಳ್ಳು ಕಡಿದು ಸುತ್ತ ಒಟ್ಟುವುದು ಸುಲಭ. ನಾಯಿಯನ್ನು ಅದು ತಡೆಯುತ್ತದೆ. ಆದರೆ ಮುಳ್ಳಿನ ರಾಶಿ ಗೂಡಿಗೆ ತಾಗಿಕೊಂಡಿದ್ದರೆ ಮುಂಗುಸಿ, ಹೆಗ್ಗಣ ಅದರೊಳಗೇ ಮನೆ ಮಾಡುತ್ತವೆ. ಮುಳ್ಳಿನ ಬೇಲಿ ಹಿತ್ತಲ ಅಂಚಿಗೆ ಇರಲಿ. ಗೂಡಿನ ಸುತ್ತ ಹತ್ತು ಅಡಿ ಬಯಲು ಇರಲಿ.

ಹಗಲು ಹೋದರೆ

ಈಗ ಮುಂಗುಸಿಯ ಸರದಿ. ಕತ್ತಿನ ಹಿಂದೆ, ತಲೆಯ ಬುಡದಲ್ಲಿ ಸಣ್ಣ ಆಳವಾದ ಗಾಯ ಇರುತ್ತದೆ. ಎರಡು ಇಂಚಿನ ಸಂದು ಇದ್ದರೆ ಅದು ನುಗ್ಗುತ್ತದೆ. ಮನೆಯವರು ಹೊಲಕ್ಕೆ ಹೋದ ಹೊತ್ತು, ಬೆಳಿಗ್ಗೆ ಹತ್ತರಿಂದ ಸಂಜೆಯೊಳಗೆ, ಅದರ ಕೆಲಸ ನಡೆಯುತ್ತದೆ. ಗಿರಿರಾಜ ಸಾಕಿದವರಿಗೆ ಈ ಕಾಟ ಜಾಸ್ತಿ. ಜವಾರಿ ಕೋಳಿ ಹಾರಿ ಗೋಡೆಯನ್ನೋ ಬೇವಿನ ಟೊಂಗೆಯನ್ನೋ ಏರುತ್ತದೆ. ಗಿರಿರಾಜದ ಮೈ ಭಾರ, ಅದು ಹಾರಲಾರದು. ಅದು ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲಿಗೆಂದೇ ಬೆಳೆಸಿದ ತಳಿ, ತೂಕ ಚೆನ್ನಾಗಿ ಬರುತ್ತದೆ, ತತ್ತಿಯೂ ಜವಾರಿಗಿಂತ ಜಾಸ್ತಿ. ಆದರೆ ತನ್ನ ಕಾವಲು ತಾನು ಮಾಡಿಕೊಳ್ಳುವುದು ಅದಕ್ಕೆ ಕಷ್ಟ. ಇಂಥ ಕೋಳಿಗೆ ಹಗಲೂ ಜಾಲರಿಯ ಅಂಗಳ ಬೇಕು. ಕೂರುವ ಕೋಲು ನೆಲದಿಂದ ಒಂದೂವರೆ ಅಡಿ ಮೀರದಿರಲಿ, ಇಲ್ಲದಿದ್ದರೆ ಇಳಿಯುವಾಗ ಕಾಲಿಗೆ ಪೆಟ್ಟಾಗುತ್ತದೆ.

ಮರಿಗಳು ಹಗಲು ಒಂದೊಂದೇ ಮಾಯವಾದರೆ ಮೇಲೆ ನೋಡಿ. ಹದ್ದು, ಕಾಗೆ ಎರಡೂ ಮರಿ ಒಯ್ಯುತ್ತವೆ. ಮೇಲೆ ಬಲೆ ಕಟ್ಟುವುದೇ ಮದ್ದು. ಮುನಿರಾಬಾದ್ ಕಡೆ ಮೀನು ಹಿಡಿಯುವವರ ಹಳೆ ಬಲೆ ಸಿಕ್ಕರೆ ಅದೇ ಆಗುತ್ತದೆ. ಮರಿಗೆ ಆರು ವಾರ ಆಗುವವರೆಗೆ ಬಲೆಯ ಕೆಳಗೇ ಮೇಯಲಿ.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ವಿಷ ಇಡಬೇಡಿ. ಜಾಲರಿಗೆ ಕರೆಂಟು ಕೊಡಬೇಡಿ. ವಿಷಕ್ಕೆ ನೆರೆಮನೆಯ ನಾಯಿ ಸಾಯುತ್ತದೆ. ಕರೆಂಟಿಗೆ ಮಗು ಸಾಯುತ್ತದೆ. ಮುಂಗುಸಿ, ಉಡ, ಪುನುಗುಬೆಕ್ಕು ಮೂರಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಕೊಂದರೆ ಅಪರಾಧ. ಮುಂಗುಸಿ ಹೊಲದ ಇಲಿಯನ್ನೂ ಹಾವನ್ನೂ ತಿನ್ನುತ್ತದೆ ಎಂಬುದನ್ನೂ ನೆನಪಿಡಿ. ಗೂಡಿನ ಸಂದು ಮುಚ್ಚಿದರೆ ಅದು ತನ್ನ ಪಾಡಿಗೆ ಹೊಲಕ್ಕೆ ಹೋಗುತ್ತದೆ.

ತತ್ತಿ ಮಾತ್ರ ಹೋಗುತ್ತಿದ್ದರೆ ಚಿಪ್ಪು ಹುಡುಕಿ. ಚಿಪ್ಪೇ ಇಲ್ಲ ಅಂದರೆ ಹಾವು ಅಥವಾ ಉಡ ನುಂಗಿದೆ. ಗೂಡಿನ ಹೊರಗೆ ಕಲ್ಲಿನ ಹತ್ತಿರ ಒಡೆದ ಚಿಪ್ಪು ಇದ್ದರೆ ಮುಂಗುಸಿ, ಅದು ತತ್ತಿಯನ್ನು ಹಿಂಗಾಲ ನಡುವಿನಿಂದ ಕಲ್ಲಿಗೆ ಎಸೆದು ಒಡೆಯುತ್ತದೆ. ತತ್ತಿ ಇಡುವ ಜಾಗದಲ್ಲೇ ಹೊಟ್ಟು ಅಂಟಂಟಾಗಿದ್ದರೆ ಕೋಳಿಯೇ ತಿನ್ನುತ್ತಿದೆ, ಕೊಕ್ಕಿಗೆ ಹಳದಿ ಹತ್ತಿರುತ್ತದೆ. ಅಂಥ ಕೋಳಿಗೆ ಸುಣ್ಣದ ಅಂಶ ಕಡಿಮೆಯಾಗಿರಬಹುದು, ಇಲ್ಲವೇ ಜಾಗ ಇಕ್ಕಟ್ಟಾಗಿರಬಹುದು. ನಾಲ್ಕೈದು ಹ್ಯಾಟೆಗೆ ತತ್ತಿ ಇಡಲು ಒಂದು ಅಡಿ ಚೌಕದ ಒಂದು ಪೆಟ್ಟಿಗೆ, ಸ್ವಲ್ಪ ಕತ್ತಲಿರುವ ಮೂಲೆಯಲ್ಲಿ, ಇರಬೇಕು. ಯಾವ ಗುರುತೂ ಇಲ್ಲ, ಕೋಳಿ ಕೂಗುವುದು ಮಾತ್ರ ಕೇಳುತ್ತದೆ ಅಂದರೆ ಬಣವೆಯ ಸಂದಿಯಲ್ಲಿ ಹುಡುಕಿ. ಅಲ್ಲಿ ಇಟ್ಟಿರುತ್ತದೆ.

ಮಧ್ಯಾಹ್ನ ಎರಡರಿಂದ ಐದರೊಳಗೆ ಸತ್ತರೆ

ಬೆಳಿಗ್ಗೆ ಚೆನ್ನಾಗಿ ಕಾಳು ತಿಂದ ಕೋಳಿ ಸಂಜೆಗೆ ಸತ್ತು ಬಿದ್ದಿದೆ. ಗಾಯ ಇಲ್ಲ. ಭೇದಿ ಇಲ್ಲ. ಎಲ್ಲಕ್ಕಿಂತ ದಪ್ಪಗಿದ್ದದ್ದೇ ಮೊದಲು ಹೋಗಿದೆ. ತಿಂಗಳು ಏಪ್ರಿಲ್ ಅಥವಾ ಮೇ. ಇದು ಬಿಸಿಲಿನ ಸಾವು.

ಕೋಳಿಗೆ ಬೆವರು ಬರುವುದಿಲ್ಲ. ಅದರ ಮೈಯ ಬಿಸಿ ಸಹಜವಾಗಿಯೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ಬಾಯಿ ತೆರೆದು ಏದುಸಿರು ಬಿಟ್ಟು, ರೆಕ್ಕೆ ಅಗಲಿಸಿ ಬಿಸಿ ಕಳೆಯುತ್ತದೆ. ರಾಯಚೂರು, ಬಳ್ಳಾರಿಯಲ್ಲಿ ಬೇಸಿಗೆಯ ಬಿಸಿ 40 ದಾಟುತ್ತದೆ. ಹೊರಗಿನ ಗಾಳಿಯೇ ಮೈಯಷ್ಟು ಬಿಸಿ ಇರುವಾಗ ಒಳಗಿನ ಬಿಸಿ ಎಲ್ಲಿಗೆ ಹೋಗಬೇಕು? ತಗಡಿನ ಕೆಳಗೆ ಇನ್ನೂ ಜಾಸ್ತಿ ಇರುತ್ತದೆ. ಏದುಸಿರು ಬಿಟ್ಟಷ್ಟೂ ರಕ್ತದಲ್ಲಿ ಚಿಪ್ಪು ಕಟ್ಟುವ ಅಂಶ ಕಡಿಮೆಯಾಗುತ್ತದೆ, ಹಾಗಾಗಿ ತತ್ತಿಯ ಚಿಪ್ಪು ತೆಳುವಾಗುತ್ತದೆ. ಬೇಸಿಗೆಯಲ್ಲಿ ತೆಳು ಚಿಪ್ಪು ಕಂಡರೆ ಅದು ಸಾವಿಗೆ ಮೊದಲು ಬಂದ ಸೂಚನೆ ಎಂದೇ ತಿಳಿದು ಚಾವಣಿ ಸರಿಪಡಿಸಿ.

ಪರೀಕ್ಷೆ ಹೀಗೆ. ಮಧ್ಯಾಹ್ನ ಮೂರು ಗಂಟೆಗೆ ಗೂಡಿನೊಳಗೆ ಕೋಳಿಯ ತಲೆ ಇರುವ ಎತ್ತರಕ್ಕೆ ಕೈ ಹಿಡಿಯಿರಿ, ಆಮೇಲೆ ಬೇವಿನ ನೆರಳಿಗೆ ಬಂದು ಹಿಡಿಯಿರಿ. ವ್ಯತ್ಯಾಸ ಕೈಗೇ ಗೊತ್ತಾದರೆ ದೋಷ ಚಾವಣಿಯದು. ಎರಡೂ ಕಡೆ ಒಂದೇ ಅನ್ನಿಸಿದರೆ ಗಾಳಿಯ ಕೊರತೆ ಅಥವಾ ನೀರಿನ ಕೊರತೆ.

ಪತ್ರಾಸಿನ, ಅಂದರೆ ತಗಡಿನ ಚಾವಣಿಯ, ಮೇಲೆ ಒಂದು ಗೇಣು ದಪ್ಪ ಜೋಳದ ಕಣಿಕೆ ಹೊದಿಸಿ, ಗಾಳಿಗೆ ಹಾರದಂತೆ ಹಗ್ಗ ಬಿಗಿದು ಕಲ್ಲು ಕಟ್ಟಿ. ಅದಕ್ಕೂ ಮೊದಲು ತಗಡಿಗೆ ದಪ್ಪ ಸುಣ್ಣ ಬಳಿದರೆ ಇನ್ನೂ ಒಳ್ಳೆಯದು. ಗೂಡಿನ ಉದ್ದ ಪೂರ್ವ ಪಶ್ಚಿಮವಾಗಿರಲಿ, ಆಗ ಸಂಜೆ ಬಿಸಿಲು ಗಿಡ್ಡ ಗೋಡೆಗೆ ಮಾತ್ರ ಬಡಿಯುತ್ತದೆ. ಉದ್ದದ ಎರಡೂ ಕಡೆ ಒಂದು ಅಡಿ ಗೋಡೆ, ಮೇಲೆಲ್ಲ ಜಾಲರಿ ಇರಬೇಕು. ಒದ್ದೆ ಗೋಣಿ ತಟ್ಟು ಇಳಿಬಿಡುವುದು ಒಳ್ಳೆಯದೇ, ಆದರೆ ಗಾಳಿ ಆಡುವ ಕಡೆ ಮಾತ್ರ. ನಾಲ್ಕೂ ಕಡೆ ಮುಚ್ಚಿ ನೀರು ಚಿಮುಕಿಸಿದರೆ ಒಳಗೆ ಸೆಕೆ ಏರಿ ಏದುಸಿರು ಇನ್ನಷ್ಟು ಹೆಚ್ಚುತ್ತದೆ. ನೀರು ಮಣ್ಣಿನ ಪಾತ್ರೆಯಲ್ಲಿ, ನೆರಳಿನಲ್ಲಿ, ಎರಡು ಕಡೆ ಇಡಿ. ಒಂದೇ ಪಾತ್ರೆ ಇದ್ದರೆ ಜಗಳಗಂಟ ಹುಂಜ ಉಳಿದವನ್ನು ಹತ್ತಿರ ಬಿಡುವುದಿಲ್ಲ. ಕಾಳನ್ನು ಬೆಳಿಗ್ಗೆ ಎಂಟರೊಳಗೆ ಮತ್ತು ಬಿಸಿಲು ಇಳಿದ ಮೇಲೆ ಹಾಕಿ. ತಿಂದದ್ದು ಅರಗುವಾಗಲೂ ಮೈ ಬಿಸಿಯಾಗುತ್ತದೆ.

ಕೋಳಿ ಈಗಲೇ ತೂಗಾಡುತ್ತಿದ್ದರೆ ನೆರಳಿಗೆ ತಂದು, ಕಾಲು ಮತ್ತು ಜುಟ್ಟನ್ನು ಗಡಿಗೆಯ ತಣ್ಣೀರಿನಿಂದ ಒದ್ದೆ ಮಾಡಿ. ಫ್ರಿಜ್ಜಿನ ನೀರು ಬೇಡ. ಬಾಯಿಗೆ ಬಲವಂತವಾಗಿ ನೀರು ಹೊಯ್ಯಬೇಡಿ, ಶ್ವಾಸಕ್ಕೆ ಇಳಿಯುತ್ತದೆ.

ಸಾಯುತ್ತಿಲ್ಲ, ಸೊರಗುತ್ತಿವೆ

ಜುಟ್ಟು ಬಿಳಿಚಿದೆ, ತತ್ತಿ ಕಡಿಮೆಯಾಗಿದೆ, ಸಂಜೆ ಗೂಡಿಗೆ ಹೋಗಲು ಕೋಳಿ ಒಲ್ಲೆ ಅನ್ನುತ್ತದೆ. ಓಡಿಸಿ ಒಳಗೆ ಹಾಕಬೇಕು. ಇದನ್ನು ಜನ ಹಟ ಅಂದುಕೊಳ್ಳುತ್ತಾರೆ. ಹಟ ಅಲ್ಲ, ಒಳಗೆ ಕೋಳಿ ಉಣ್ಣೆ ಇದೆ.

ಹಳೆ ಮಣ್ಣಿನ ಗೋಡೆಗೆ, ಕಲ್ಲಿನ ಗೋಡೆಗೆ ಆನಿಸಿ ಕಟ್ಟಿದ ಗೂಡುಗಳಲ್ಲಿ ಇದು ತುಂಬಾ ಸಾಮಾನ್ಯ. ಈ ಉಣ್ಣೆ ಹಗಲೆಲ್ಲ ಬಿರುಕಿನಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರಿ ಮತ್ತೆ ಬಿರುಕಿಗೆ ಹೋಗುತ್ತದೆ. ಆದ್ದರಿಂದ ಹಗಲು ಕೋಳಿಯ ಮೈ ತಡಕಿದರೆ ದೊಡ್ಡ ಉಣ್ಣೆ ಸಿಗುವುದಿಲ್ಲ. ರೆಕ್ಕೆಯ ಕೆಳಗೆ ಕೆಂಪು ಚುಕ್ಕೆ, ಸಣ್ಣ ಮರಿ ಉಣ್ಣೆ ಮಾತ್ರ ಕಾಣಬಹುದು. ರಾತ್ರಿ ಹತ್ತರ ಮೇಲೆ ಟಾರ್ಚ್ ಹಿಡಿದು ಕೂರುವ ಕೋಲಿನ ತುದಿ, ಗೋಡೆಯ ಬಿರುಕು ನೋಡಿ. ಚಪ್ಪಟೆ, ಬೂದು ಬಣ್ಣದ ಹುಳ ಓಡಾಡುತ್ತಿರುತ್ತವೆ. ಬಿರುಕಿಗೆ ಚಾಕುವಿನ ತುದಿ ತೂರಿಸಿ ಎಳೆದಾಗ ರಕ್ತದ ಕಲೆ ಹತ್ತಿದರೆ ಅನುಮಾನವೇ ಬೇಡ.

ಕೆಲವು ತಿಂಗಳು ಗೂಡು ಖಾಲಿ ಬಿಟ್ಟರೆ ಸಾಯುತ್ತವೆ ಎಂದು ನಂಬಬೇಡಿ. ರಕ್ತ ಸಿಗದೆಯೂ ಇವು ವರ್ಷಗಟ್ಟಲೆ ಬದುಕಬಲ್ಲವು. ಕೋಳಿಯನ್ನು ಬೇರೆ ಕಡೆ ಕೂಡಿ, ಹೊಟ್ಟೆಲ್ಲ ತೆಗೆದು ಸುಟ್ಟು, ಬಿರುಕನ್ನು ಕೆರೆದು ಸಿಮೆಂಟಿನಿಂದ ಮುಚ್ಚಿ, ಮೇಲೆ ಸುಣ್ಣ ಬಳಿಯಿರಿ. ಕೋಲಿನ ತುದಿ ಗೋಡೆಗೆ ತಾಗದಂತೆ, ನೆಲದಿಂದಲೇ ಕಾಲು ಕೊಟ್ಟು ನಿಲ್ಲಿಸಿ. ಔಷಧ ಹೊಡೆಯುವುದಾದರೆ ಪಶು ವೈದ್ಯರನ್ನು ಕೇಳಿ ಹೊಡೆಯಿರಿ. ಹೊಲದ ಹತ್ತಿಗೆ ತಂದ ಕೀಟನಾಶಕದ ಎಣ್ಣೆಯನ್ನು ಗೂಡಿಗೆ ಹೊಡೆದು ಕೋಳಿಯನ್ನೇ ಕೊಂದವರಿದ್ದಾರೆ.

ಇನ್ನೊಂದು ಕಾರಣ ಒದ್ದೆ ಹೊಟ್ಟು. ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್ಲುಗಳ ಭತ್ತದ ಹೊಟ್ಟು ಹಾಸಲು ಒಳ್ಳೆಯದು. ಎರಡು ಮೂರು ಇಂಚು ದಪ್ಪ ಇರಲಿ. ಒಂದು ಹಿಡಿ ತೆಗೆದು ಹಿಸುಕಿ. ಕೈ ಬಿಟ್ಟಾಗ ಉದುರಿದರೆ ಸರಿ, ಉಂಡೆಯಾಗಿಯೇ ನಿಂತರೆ ಬದಲಾಯಿಸಿ. ಕೋಳಿಯ ಎತ್ತರಕ್ಕೆ ಬಗ್ಗಿ ಮೂಸಿ ನೋಡಿ, ಕಣ್ಣು ಉರಿದರೆ ಕೋಳಿಗೆ ದಿನವಿಡೀ ಉರಿಯುತ್ತಿದೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಒದ್ದೆ ಹೊಟ್ಟಿನಿಂದಲೇ ಮರಿಗಳಿಗೆ ರಕ್ತಭೇದಿ ಹತ್ತುತ್ತದೆ. ಜಾಗವೂ ಸಾಲಬೇಕು. ಒಂದು ಕೋಳಿಗೆ ಎರಡು ಚದರ ಅಡಿ, ಅಂದರೆ ಹತ್ತು ಕೋಳಿಗೆ ನಾಲ್ಕು ಅಡಿ ಅಗಲ ಐದು ಅಡಿ ಉದ್ದ.

ಗೂಡಿನ ದೋಷ ಅಲ್ಲದಾಗ

ಹೊತ್ತಿನ ಲೆಕ್ಕ ಸಿಗದೆ, ಬೆಳಿಗ್ಗೆ ಒಂದು, ಸಂಜೆ ಎರಡು ಅಂತ ಸಾಯತೊಡಗಿದರೆ ಜಾಲರಿ ನೋಡುವುದನ್ನು ನಿಲ್ಲಿಸಿ. ಹಸಿರು ಭೇದಿ, ಕತ್ತು ತಿರುಚುವುದು, ಕಾಲು ರೆಕ್ಕೆ ಬೀಳುವುದು ಇದ್ದರೆ ಕೊಕ್ಕರೆ ರೋಗದ (ರಾಣಿಖೇತ್) ಅನುಮಾನ. ಅದಕ್ಕೆ ಬಂದ ಮೇಲೆ ಮದ್ದಿಲ್ಲ, ಮೊದಲೇ ಲಸಿಕೆ ಹಾಕಿಸಬೇಕು. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಹನಿ, ಸುಮಾರು ಎಂಟನೇ ವಾರಕ್ಕೆ ಚುಚ್ಚುಮದ್ದು. 2025ರ ಆರಂಭದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಹಕ್ಕಿಜ್ವರವೂ ಬಂದಿತ್ತು. ಹೀಗಾಗಿ ಒಮ್ಮೆಲೇ ಹಲವು ಸತ್ತರೆ ಕೊಯ್ದು ಅಡುಗೆ ಮಾಡಬೇಡಿ, ಸಂತೆಗೆ ಒಯ್ಯಬೇಡಿ, ಕಾಲುವೆಗೆ ಎಸೆಯಬೇಡಿ. ಬರಿಗೈಯಲ್ಲಿ ಮುಟ್ಟದೆ ಹಾಗೇ ಬಿಟ್ಟು, ಪಶು ಆಸ್ಪತ್ರೆಗೆ ತಿಳಿಸಿ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ದುರಸ್ತಿ ಆದ ಮೇಲೆ

ಕತ್ತಲಾದ ಮೇಲೆ ಗೂಡಿನೊಳಗೆ ಟಾರ್ಚ್ ಹಚ್ಚಿಟ್ಟು ಬಾಗಿಲು ಹಾಕಿ, ಹೊರಗೆ ಸುತ್ತಿ ನೋಡಿ. ಜಾಲರಿಯ ಕಣ್ಣು ಬಿಟ್ಟು ಬೇರೆಲ್ಲಿ ಬೆಳಕು ಸೋರಿದರೂ ಅಲ್ಲಿ ಸಂದು ಉಳಿದಿದೆ. ಹೆಬ್ಬೆರಳು ತೂರಿದರೆ ಆ ಸಂದು ಮುಚ್ಚಲೇಬೇಕು. ಚಿಲಕ ಒಂದರ ಬದಲು ಮೇಲೊಂದು ಕೆಳಗೊಂದು ಇರಲಿ, ಕೆಳಗಿನದು ಇಲ್ಲದಿದ್ದರೆ ನಾಯಿ ಮೂತಿ ತೂರಿಸಿ ಬಾಗಿಲ ಮೂಲೆಯನ್ನು ಬಗ್ಗಿಸುತ್ತದೆ. ಸುತ್ತ ಮತ್ತೆ ಬೂದಿ ಹರಡಿ. ಹಿಂದೆ ಬಂದದ್ದು ಕೆಲವು ರಾತ್ರಿ ಖಂಡಿತ ಬಂದು ಸುತ್ತು ಹಾಕುತ್ತದೆ. ಹೆಜ್ಜೆ ಯಾವ ಮೂಲೆಯಲ್ಲಿ ಜಾಸ್ತಿ ನಿಂತಿದೆಯೋ ಆ ಮೂಲೆಯನ್ನು ಇನ್ನೊಮ್ಮೆ ಗಟ್ಟಿ ಮಾಡಿ.

ಗೂಡಿನ ಜಾಗ ಬದಲಾಗಿದ್ದರೆ ಕೋಳಿಗಳನ್ನು ಮೂರು ನಾಲ್ಕು ದಿನ ಒಳಗೇ ಇಟ್ಟು ಕಾಳು, ನೀರು ಕೊಡಿ. ಐದನೇ ದಿನ ಸಂಜೆ, ಹೊತ್ತು ಮುಳುಗಲು ಒಂದು ಗಂಟೆ ಇರುವಾಗ ಬಿಡಿ. ಜಾಸ್ತಿ ದೂರ ಹೋಗದೆ ಕತ್ತಲಿಗೆ ತಾವೇ ಒಳಗೆ ಬರುತ್ತವೆ. ಬರದೆ ಹಳೆ ಜಾಗಕ್ಕೆ ಹೋಗಿ ಕೂತದ್ದನ್ನು ಕತ್ತಲಾದ ಮೇಲೆ ಎತ್ತಿ ತಂದು ಹೊಸ ಕೋಲಿನ ಮೇಲೆ ಕೂರಿಸಿ, ಎಣಿಸಿ, ಬಾಗಿಲು ಹಾಕಿ.